ಕಪೊಯೇರಾ ಕ್ಲಾಸಿಗೆ ಮಗಳನ್ನು ಕಳಿಸಬಹುದಾ?

ಎಲ್ಲರಿಗೂ ನಮಸ್ಕಾರ. ಬ್ರೆಜಿಲ್‌ನ ಸಾವ್ ಪಾವ್ಲೊಗೆ ಹೊಸದಾಗಿ ಬಂದಿರುವ ಸಹೋದರಿಯೊಬ್ಬರು ಕೇಳಿದ್ದರು, ಕಪೊಯೇರಾ ಅಂದರೆ ಹೊಡೆದಾಟ ಅಲ್ವಾ, ಮಗಳನ್ನು ಸೇರಿಸಬಹುದಾ ಅಂತ. ಖಂಡಿತ ಸೇರಿಸಿ. ಆದರೆ ಸುಮ್ನೆ ವ್ಯಾಯಾಮ ಅಂದುಕೊಂಡು ಕಳಿಸಬೇಡಿ. ನನ್ನ ಮಗನನ್ನು ಸೇರಿಸುವಾಗ ನಾನು ಹಾಗೇ ಅಂದುಕೊಂಡಿದ್ದೆ.

ಕಪೊಯೇರಾ ಅಂದರೆ ಹೊಡೆದಾಟ, ಕುಣಿತ, ಸಂಗೀತ ಎಲ್ಲ ಬೆರೆತ ಕಲೆ. ಆಫ್ರಿಕಾದಿಂದ ಗುಲಾಮರಾಗಿ ತಂದ ಜನರು ಇಲ್ಲಿ ಕಟ್ಟಿಕೊಂಡದ್ದು ಅದು. ಬ್ರೆಜಿಲ್‌ನಲ್ಲಿ ಗುಲಾಮಗಿರಿ ಹೋದದ್ದು 1888ರಲ್ಲಿ. ಎರಡೇ ವರ್ಷಕ್ಕೆ, ಬೀದಿಯಲ್ಲಿ ಕಪೊಯೇರಾ ಆಡುವುದು ಅಪರಾಧ ಅಂತ ಕಾನೂನು ಬಂತು. ಬಿಡುಗಡೆಯಾದವರಿಗೆ ಜಮೀನು ಕೊಡಲಿಲ್ಲ, ಇದ್ದ ಆಟಕ್ಕೂ ಜೈಲು.

ಇಲ್ಲಿನ ಕಪ್ಪು ಜನರ ಕಥೆಯಲ್ಲಿ ನನ್ನ ಮನಸ್ಸಿಗೆ ತುಂಬಾ ಹತ್ತಿರವಾದದ್ದು ರಿಯೊ ಡಿ ಜನೈರೊದ ಒಂದು ನಾಟಕ ತಂಡ. 1944ರಲ್ಲಿ ಕಪ್ಪು ಜನರ ಹೋರಾಟಗಾರ ಅಬ್ದಿಯಾಸ್ ದೊ ನಾಸಿಮೆಂತೊ ಅದನ್ನು ಕಟ್ಟಿದರು. ಆಗ ದೊಡ್ಡ ರಂಗಮಂದಿರಗಳಲ್ಲಿ ಕಪ್ಪು ಜನರ ಪಾತ್ರವನ್ನು ಬಿಳಿಯ ನಟರು ಮುಖಕ್ಕೆ ಮಸಿ ಬಳಿದುಕೊಂಡು ಮಾಡುತ್ತಿದ್ದರು. ಇವರ ತಂಡಕ್ಕೆ ಬಂದವರಲ್ಲಿ ಮನೆಗೆಲಸದ ಹೆಂಗಸರು, ಕೂಲಿ ಕಾರ್ಮಿಕರು ಇದ್ದರು. ಓದು ಬರದವರಿಗೆ ಮೊದಲು ಅಕ್ಷರ ಕಲಿಸಿದರು. ಮಾರನೇ ವರ್ಷ ರಿಯೊದ ಮುನಿಸಿಪಲ್ ಥಿಯೇಟರ್‌ನಲ್ಲೇ ನಾಟಕ ಆಡಿದರು. ಅಕ್ಷರವೂ ರಂಗವೂ ಒಟ್ಟಿಗೆ ಸಿಕ್ಕಿದವು.

ಬಾಹಿಯಾ ರಾಜ್ಯದ ಸಾಲ್ವಡಾರ್ ಊರಿನಲ್ಲಿ ಪೆಲೊರಿನ್ಯೊ ಅಂತ ಹಳೇ ಬೀದಿಗಳಿವೆ. ಆ ಹೆಸರಿನ ಅರ್ಥ, ಜನರನ್ನು ಕಟ್ಟಿ ಚಾವಟಿಯಿಂದ ಹೊಡೆಯುತ್ತಿದ್ದ ಕಂಬ. ಅಲ್ಲೇ 1979ರಲ್ಲಿ ಓಲೊಡುಂ ಅನ್ನೋ ಕಪ್ಪು ಜನರ ಡೋಲಿನ ತಂಡ ಹುಟ್ಟಿತು. ಇವತ್ತು ಅವರ ಶಾಲೆಯಲ್ಲಿ ಮಕ್ಕಳು ಡೋಲಿನ ಜೊತೆಗೇ ತಮ್ಮ ಇತಿಹಾಸವನ್ನೂ ಕಲಿಯುತ್ತಾರೆ. 1990ರಲ್ಲಿ ಓಲೊಡುಂ ನಾಟಕ ತಂಡವೂ ಶುರುವಾಯಿತು. ಆ ಬೀದಿಗಳ ಜನರ ಬದುಕೇ ಅದರ ನಾಟಕಗಳ ವಸ್ತುವಾಯಿತು. ಈಗ ದೇಶಕ್ಕೆಲ್ಲ ಗೊತ್ತಿರುವ ನಟ ಲಾಜರೊ ರಾಮೋಸ್ ಹುಡುಗನಾಗಿದ್ದಾಗಲೇ ಆ ತಂಡ ಸೇರಿದ್ದರು. ಅದೇ ಊರಿನ ಇಲೆ ಆಯೆ ಅನ್ನೋ ಕಾರ್ನಿವಲ್ ತಂಡ 1974ರಿಂದ ಕಪ್ಪು ಬಣ್ಣ, ಗುಂಗುರು ಕೂದಲೇ ಚೆಂದ ಅಂತ ಹಾಡುತ್ತಾ ಬಂದಿದೆ.

ನಮ್ಮ ಮಕ್ಕಳಿಗೆ ಇದು ಯಾಕೆ ಬೇಕು? ಊರಿಗೆ ಹೋದಾಗ ಸಂಬಂಧಿಕರೊಬ್ಬರು ನನ್ನ ಮಗನಿಗೆ "ಬಿಸಿಲಲ್ಲಿ ಆಡಬೇಡ, ಕಪ್ಪಾಗ್ತೀಯ" ಅಂದರು. ಅವನು ಪೆಚ್ಚಾಗಿ ನನ್ನ ಮುಖ ನೋಡಿದ. ಅವನ ಕಪೊಯೇರಾ ಮೇಷ್ಟ್ರು ಕಪ್ಪು. ಅವನ ಪಾಲಿಗೆ ಅವರಿಗಿಂತ ದೊಡ್ಡವರು ಯಾರೂ ಇಲ್ಲ. ಇಂಥ ಮಾತನ್ನು ನಾನೂ ಎಷ್ಟೋ ಸಲ ಕೇಳಿ ಸುಮ್ಮನಿದ್ದೆ. ಆವತ್ತು ಸುಮ್ಮನಿರಲು ಆಗಲಿಲ್ಲ.

ಇನ್ನೊಂದು ವಿಷಯ. ಬಾಹಿಯಾಕ್ಕೆ ಆಫ್ರಿಕಾದ ಜನರನ್ನು ಸಾಗಿಸಿದ ಪೋರ್ಚುಗೀಸರೇ ಗೋವಾಕ್ಕೂ ಸಾಗಿಸಿದರು. ನಮ್ಮ ಯಲ್ಲಾಪುರ, ಹಳಿಯಾಳ ಕಡೆಯ ಸಿದ್ದಿ ಜನರಲ್ಲಿ ಎಷ್ಟೋ ಮಂದಿಯ ಹಿರಿಯರು ಅಲ್ಲಿಂದ ತಪ್ಪಿಸಿಕೊಂಡು ನಮ್ಮ ಕಾಡು ಸೇರಿದವರು. ಅವರಿಗೂ ತಮ್ಮದೇ ಡೋಲು, ಕುಣಿತ ಇದೆ. ಅವರಲ್ಲಿ ನೀನಾಸಂನಲ್ಲಿ ಕಲಿತು ರಂಗಕ್ಕೆ ಬಂದವರೂ ಇದ್ದಾರೆ. ಮಗನಿಗೆ ಇದನ್ನು ಹೇಳಿದಾಗ ಅವನು ಕೇಳಿದ್ದು ಒಂದೇ ಮಾತು: "ಅವರು ಕನ್ನಡ ಮಾತಾಡ್ತಾರಾ ಅಮ್ಮ?" ಹೌದು ಅಂದೆ. ಡಿಸೆಂಬರ್‌ನಲ್ಲಿ ಊರಿಗೆ ಹೋದಾಗ ಯಲ್ಲಾಪುರಕ್ಕೂ ಹೋಗುತ್ತಿದ್ದೇವೆ. ಆ ಕಡೆಯವರು ಗುಂಪಿನಲ್ಲಿ ಇದ್ದರೆ ದಯವಿಟ್ಟು ತಿಳಿಸಿ.