ಏಳನೇ ಕ್ಲಾಸಿಗೆ ಪ್ರಾಚೀನ ಚೀನಾದ ಯುದ್ಧ: ನಾಲ್ಕು ಪೀರಿಯಡ್‌ನಲ್ಲಿ ಏನು ಮಾಡಿಸಬಹುದು?

ಸಮಾಜಪಾಠ:
38 ಮಕ್ಕಳು, 40 ನಿಮಿಷದ ನಾಲ್ಕು ಪೀರಿಯಡ್. ಓದಿಸಿ ಮುಗಿಸುವುದಲ್ಲ, ಕೈಯಲ್ಲಿ ಏನಾದರೂ ಮಾಡಿಸಬೇಕು. ಮಕ್ಕಳಿಗೆ ಗೊತ್ತಿರುವುದು ಕುಂಗ್‌ಫು, ಮಹಾಗೋಡೆ, ಮದ್ದಿನ ರಾಕೆಟ್ ಮೂರೇ. ಯಾವ ಕಾಲ ಹಿಡಿಯಲಿ? ಅಡ್ಡಬಿಲ್ಲಿನ (ಕ್ರಾಸ್‌ಬೋ) ಮಾದರಿಯನ್ನು ಅಪಾಯವಿಲ್ಲದೆ ಮಾಡಿಸಬಹುದೇ? ಸಾವುನೋವಿನ ವಿಷಯ ಎಷ್ಟು ಹೇಳಬೇಕು?

ಕಂಚಿನಕಾಲ:
ಶಾಂಗ್ ರಾಜವಂಶದಿಂದ ಚಿನ್ ರಾಜವಂಶದವರೆಗೆ ಸಾವಿರಕ್ಕೂ ಹೆಚ್ಚು ವರ್ಷ. ಎಲ್ಲವನ್ನೂ ಹೇಳಹೊರಟರೆ ರಾಜವಂಶಗಳ ಪಟ್ಟಿ ಬಾಯಿಪಾಠ ಆಗುತ್ತದೆ, ಅಷ್ಟೇ. ಎರಡೇ ಕಾಲ ಹಿಡಿಯಿರಿ: ಕ್ರಿ.ಪೂ. 1200ರ ಸುಮಾರಿನ ಶಾಂಗ್ ಮತ್ತು ಕ್ರಿ.ಪೂ. 221ಕ್ಕೆ ಮುಗಿಯುವ 'ಕಾದಾಡುವ ರಾಜ್ಯಗಳ' ಕಾಲ. ಮೊದಲನೆಯದರಲ್ಲಿ ದೊಡ್ಡ ಮನೆತನದವರ ರಥ, ಕಂಚಿನ ಕೊಡಲಿ. ಎರಡನೆಯದರಲ್ಲಿ ಹೊಲದಿಂದ ಎಬ್ಬಿಸಿ ತಂದ ರೈತರ ಕಾಲಾಳುಪಡೆ, ಅಡ್ಡಬಿಲ್ಲು, ಲೆಕ್ಕಪತ್ರ.

ಶಾಂಗ್‌ಗೆ ಫೂ ಹಾವ್ ಸಾಕು. ರಾಜ ವೂ ದಿಂಗ್‌ನ ರಾಣಿ, ಜೊತೆಗೆ ಸೇನಾನಿ. 1976ರಲ್ಲಿ ಆನ್ಯಾಂಗ್‌ನಲ್ಲಿ ಸಿಕ್ಕ ಅವಳ ಸಮಾಧಿಗೆ ಕಳ್ಳರ ಕೈ ಬಿದ್ದಿರಲಿಲ್ಲ. ನೂರಕ್ಕೂ ಹೆಚ್ಚು ಆಯುಧಗಳಿದ್ದವು. ಅದರಲ್ಲೊಂದು ಕಂಚಿನ ಕೊಡಲಿಯ ತೂಕ ಸುಮಾರು 9 ಕೆಜಿ. ಅಷ್ಟೇ ತೂಕದ ಸ್ಕೂಲ್ ಬ್ಯಾಗನ್ನು ಮಕ್ಕಳಿಗೆ ಕೊಟ್ಟು, ಒಂದು ಕೈಯಲ್ಲಿ ಬೀಸಿ ಅಂತ ಹೇಳುವುದು ಬೇಡ. ಎತ್ತಿ ಹಿಡಿದು ಇಪ್ಪತ್ತು ಎಣಿಸಲಿ. ಆ ಕೊಡಲಿ ಕಡಿಯುವುದಕ್ಕಲ್ಲ, ಅಧಿಕಾರ ತೋರಿಸುವುದಕ್ಕೆ ಅಂತ ಅವರೇ ಹೇಳುತ್ತಾರೆ.

ಆ ಕಾಲದಲ್ಲಿ ಇಲ್ಲದಿದ್ದರೂ ಮಕ್ಕಳ ಚಿತ್ರಗಳಲ್ಲಿ ತಪ್ಪದೆ ನುಸುಳುವವು: ಸಿಡಿಮದ್ದು (ಅದರ ಪಾಕ ಮಿಲಿಟರಿ ಗ್ರಂಥದಲ್ಲಿ ಬರೆದಿಟ್ಟದ್ದು ಕ್ರಿ.ಶ. 1044ರಲ್ಲಿ), ರಿಕಾಪು, ಅಂದರೆ ಸವಾರ ಕಾಲಿಡುವ ಬಳೆ (ಚಿನ್ ಚಕ್ರವರ್ತಿಯ ಸಮಾಧಿ ಬಳಿಯ ಮಣ್ಣಿನ ಸೈನ್ಯದ ಕುದುರೆಗಳಿಗೆ ಜೀನು ಇದೆ, ರಿಕಾಪು ಇಲ್ಲ), ಇಟ್ಟಿಗೆಯ ಮಹಾಗೋಡೆ (ಫೋಟೋದಲ್ಲಿ ಕಾಣುವುದು ಮಿಂಗ್ ಕಾಲದ್ದು; ಚಿನ್ ಕಾಲದ್ದು ಹೆಚ್ಚಾಗಿ ದಮ್ಮಸು ಹಾಕಿದ ಮಣ್ಣು). ಚಿನ್ ಆಯುಧಗಳಿಗೆ ತುಕ್ಕು ಹಿಡಿಯದಂತೆ ಕ್ರೋಮಿಯಂ ಲೇಪಿಸಿದ್ದರು ಅನ್ನುವ ವಿಡಿಯೋ ತೋರಿಸಬೇಡಿ. ಆ ಕ್ರೋಮಿಯಂ ಅರಗಿನ ಬಣ್ಣದಿಂದ ಬಂದದ್ದು ಅಂತ 2019ರಲ್ಲಿ ತೀರ್ಮಾನವಾಗಿದೆ.

ಕೀಲುಕುದುರೆ:
ಅಡ್ಡಬಿಲ್ಲು ಬೇಡ, ಅದರ ಕುದುರೆ (ಟ್ರಿಗರ್) ಮಾತ್ರ ಮಾಡಿಸಿ. ಶಿಯಾನ್ ಹತ್ತಿರ ಮಣ್ಣಿನ ಸೈನ್ಯ ಸಿಕ್ಕ ಗುಂಡಿಗಳಲ್ಲಿ ಮರ ಕೊಳೆತುಹೋಗಿ ಉಳಿದಿರುವುದೂ ಅದೇ: ಕಂಚಿನ ಕುದುರೆ, ಸಾವಿರಗಟ್ಟಲೆ ಬಾಣದ ಮೊನೆ. ಅಸಲಿಯಲ್ಲಿ ಚಲಿಸುವ ತುಂಡು ಮೂರು, ಕೀಲು ಎರಡು. ತರಗತಿಗೆ ಎರಡೇ ತುಂಡು ಸಾಕು.

ಬೇಕಾದ್ದು: 25×20 ಸೆಂ.ಮೀ. ದಪ್ಪ ರಟ್ಟು, ತುಂಡುಗಳಿಗೆ ಎರಡು ಪದರ ಅಂಟಿಸಿದ ರಟ್ಟು, ಬೋರ್ಡ್ ಪಿನ್ನು, ದಾರ, ನಾಣ್ಯ ಹಾಕಲು ಸಣ್ಣ ಬಟ್ಟೆ ಚೀಲ. ತೂತು ಹಾಕುವ ದಬ್ಬಣ, ಕತ್ತರಿಸುವ ಬ್ಲೇಡು ಎರಡೂ ನಿಮ್ಮ ಕೈಯಲ್ಲೇ ಇರಲಿ.

ಮೊದಲನೇ ತುಂಡು 'ಎಲ್' ಆಕಾರ, ಎರಡೂ ತೋಳು 6 ಸೆಂ.ಮೀ., ಅಗಲ 2. ಮೂಲೆಯಲ್ಲಿ ಪಿನ್ನು. ಒಂದು ತೋಳು ಮೇಲಕ್ಕೆ, ಇನ್ನೊಂದು ಮುಂದಕ್ಕೆ, ಅಂದರೆ ಬಿಲ್ಲು ಇರಬೇಕಾದ ಕಡೆಗೆ. ಎರಡನೆಯದು 9 ಸೆಂ.ಮೀ. ಉದ್ದ, 1 ಸೆಂ.ಮೀ. ಅಗಲದ ಪಟ್ಟಿ, ತುದಿಯಿಂದ 3 ಸೆಂ.ಮೀ. ಕೆಳಗೆ ಪಿನ್ನು. ಇದು ಮುಂದಿನ ತೋಳಿನ ತುದಿಗೆ ಕೆಳಗಿನಿಂದ ಆಸರೆ. ತೋಳಿನಡಿ ಪಟ್ಟಿ ನುಸುಳಿರುವುದು 3–4 ಮಿ.ಮೀ. ಮಾತ್ರ ಇರಬೇಕು. ಎರಡನ್ನೂ ಕೈಯಲ್ಲಿ ಹೊಂದಿಸಿ ನೋಡಿ, ಆಮೇಲೆ ಪಿನ್ನು ಚುಚ್ಚಿಸಿ. ಪಟ್ಟಿಯ ಮೇಲ್ತುದಿಯ ಹಿಂದೆ ತಡೆಗೆ ಇನ್ನೊಂದು ಪಿನ್ನು.

ರಟ್ಟನ್ನು ಮೇಜಿನ ಅಂಚಿನಲ್ಲಿ ಅಂಗಾತ ಇಡಿ. ಮೇಲಿನ ತೋಳಿಗೆ ದಾರದ ಕುಣಿಕೆ ಹಾಕಿ, ಚೀಲವನ್ನು ಅಂಚಿನಿಂದ ಕೆಳಕ್ಕೆ ಇಳಿಬಿಡಿ. ಪಟ್ಟಿಯ ಬಾಲ ಹಿಂದಕ್ಕೆ ಎಳೆದರೆ ಆಸರೆ ಮುಂದಕ್ಕೆ ಜಾರಿ, ತೋಳು ಬಿದ್ದು, ಕುಣಿಕೆ ಕಳಚಿ ಚೀಲ ಧೊಪ್ಪನೆ ಬೀಳುತ್ತದೆ. ಬಾಣವೂ ಇಲ್ಲ, ರಬ್ಬರ್ ಬ್ಯಾಂಡೂ ಇಲ್ಲ.

ಕೆಡುವುದು ಎಲ್ಲಿ? ತಡೆಪಿನ್ನು ಮರೆತರೆ ಪಟ್ಟಿ ತೋಳಿನಡಿ ಪೂರ್ತಿ ನುಗ್ಗಿ ಕಚ್ಚಿಕೊಳ್ಳುತ್ತದೆ. ತೂತು ಸಡಿಲವಾದರೆ ಮುಟ್ಟದೆಯೇ ಜಾರುತ್ತದೆ. ಒಂದೇ ಪದರದ ರಟ್ಟು ಮೂಲೆಯಲ್ಲಿ ಮಡಚಿಹೋಗುತ್ತದೆ. ಪಟ್ಟಿಯ ತುದಿ ಚೌಕಾಗಿದ್ದರೆ ಎಳೆಯುವಾಗ ತೋಳನ್ನು ಮೇಲಕ್ಕೆ ಎತ್ತುತ್ತದೆ. ಮರಳುಕಾಗದದಲ್ಲಿ ತೀಡಿ ಗುಂಡಗೆ ಮಾಡಿ.

ಸಮಾಜಪಾಠ:
ಅಸಲಿಯಲ್ಲಿ ಮೂರನೇ ತುಂಡು ಯಾಕೆ ಅಂತ ಮಕ್ಕಳು ಕೇಳಿಯೇ ಕೇಳುತ್ತಾರೆ.

ಕೀಲುಕುದುರೆ:
ಹೇಳಬೇಡಿ, ಚೀಲಕ್ಕೆ ನಾಣ್ಯ ಹಾಕುತ್ತಾ ಹೋಗಲಿ. ತೂಕ ಏರಿದ ಹಾಗೆ ಪಟ್ಟಿ ಎಳೆಯುವುದು ಕಷ್ಟವಾಗುತ್ತದೆ, ಹೆದೆಯ ಭಾರವೆಲ್ಲ ನೇರ ಆ ತುದಿಯ ಮೇಲೇ ಕೂತಿರುತ್ತದಲ್ಲ. ನಡುವೆ ಒಂದು ಸನ್ನೆ ಬಂದರೆ ಭಾರ ಹಂಚಿಹೋಗಿ, ಬೆರಳಿಗೆ ಸ್ವಲ್ಪವೇ ಉಳಿಯುತ್ತದೆ. ಕಾಲಲ್ಲಿ ಮೆಟ್ಟಿ ಹೂಡಬೇಕಾದ ಬಿಲ್ಲನ್ನೂ ಒಂದು ಬೆರಳಲ್ಲಿ, ಗುರಿ ಕದಲದಂತೆ ಬಿಡಲು ಆದದ್ದು ಇದರಿಂದ.

ಓಲೆಗರಿ:
ಆಯುಧಕ್ಕಿಂತ ಅಪ್ಪಣೆ ಹೇಗೆ ಹೋಗುತ್ತಿತ್ತು ಅನ್ನುವುದು ಮಕ್ಕಳಿಗೆ ಹೆಚ್ಚು ಹಿಡಿಸುತ್ತದೆ. ಹೂಫೂ ಮಾಡಿಸಿ: ಎರಡು ಹೋಳಾಗುವ ಕಂಚಿನ ಹುಲಿ. ಚಿನ್ ರಾಜ್ಯದ ದೂ ಎಂಬ ಊರಿನ ಹುಲಿಯ ಮೇಲೆ ನಿಯಮವನ್ನೇ ಕೆತ್ತಿದ್ದಾರೆ. ಬಲಹೋಳು ರಾಜನ ಬಳಿ, ಎಡಹೋಳು ದೂನಲ್ಲಿ. 50 ಅಥವಾ ಹೆಚ್ಚು ಸೈನಿಕರನ್ನು ಹೊರಡಿಸಬೇಕಾದರೆ ಎರಡೂ ಕೂಡಲೇಬೇಕು. ಗಡಿಯಲ್ಲಿ ಬೆಂಕಿಸಂಕೇತ ಕಂಡರೆ ಮಾತ್ರ ಕಾಯಬೇಕಿಲ್ಲ.

ಅಂಗೈಯಗಲದ ಹುಲಿಯನ್ನು ಜೇಡಿಮಣ್ಣಲ್ಲಿ ಮಾಡಿ, ಅರ್ಧ ಒಣಗಿ ಗಟ್ಟಿಯಾದಾಗ ಬೆನ್ನುದ್ದಕ್ಕೂ ದಾರದಿಂದ ಸೀಳಿ. ಒಂದು ಹೋಳಿಗೆ ಮೊಳೆ, ಇನ್ನೊಂದಕ್ಕೆ ಗುಳಿ. ನಡುವೆ ಪ್ಲಾಸ್ಟಿಕ್ ಹಾಳೆ ಇಟ್ಟು ಜೋಡಿಯಾಗಿಯೇ ನೆರಳಲ್ಲಿ ಒಣಗಿಸಿ. ಬೇರೆಬೇರೆ ಒಣಗಿದರೆ ಒಂದೊಂದು ಒಂದೊಂದು ರೀತಿ ಕುಗ್ಗಿ ಕೂಡುವುದೇ ಇಲ್ಲ. ಮೊದಲ ಪೀರಿಯಡ್‌ಗೇ ಮಾಡಿಸಿದರೆ ಕೊನೆಯದಕ್ಕೆ ಒಣಗಿರುತ್ತದೆ. ಆಗ ಒಬ್ಬರಿಗೆ ಹೊಂದದ ಹೋಳು ಕೊಟ್ಟು 'ರಾಜಾಜ್ಞೆ' ತರಲು ಕಳಿಸಿ. ಕಮಾಂಡರ್ ಆದ ಮಗು ಏನು ಮಾಡುತ್ತದೆ ನೋಡಿ.

ಕಂಚಿನಕಾಲ:
ಮೂರನೇ ಪ್ರಶ್ನೆಗೆ, ಸಾವುನೋವಿನ ಬಗ್ಗೆ: ಮುಚ್ಚಿಡಬೇಡಿ, ಆದರೆ ಸಂಖ್ಯೆಯನ್ನು ಪ್ರಶ್ನಿಸಲು ಕಲಿಸಿ. ಕ್ರಿ.ಪೂ. 260ರ ಚಾಂಗ್‌ಪಿಂಗ್ ಯುದ್ಧದಲ್ಲಿ ಸೋತ ಝಾವ್ ರಾಜ್ಯದ ನಾಲ್ಕು ಲಕ್ಷ ಜನರನ್ನು ಕೊಂದರು ಅಂತ ಇತಿಹಾಸಕಾರ ಸಿಮಾ ಚಿಯಾನ್ ಬರೆದದ್ದು ಒಂದೂವರೆ ಶತಮಾನ ಕಳೆದ ಮೇಲೆ. ಇತಿಹಾಸಕಾರರಿಗೆ ಅಷ್ಟು ಸಂಖ್ಯೆಯ ಬಗ್ಗೆ ಅನುಮಾನವಿದೆ, ಕೊಲೆಯ ಬಗ್ಗೆ ಇಲ್ಲ. ಅಲ್ಲಿ ಮೂಳೆಗಳ ಗುಂಡಿಗಳು ಸಿಕ್ಕಿವೆ. ಒಬ್ಬರಿಗೆ ದಿನಕ್ಕೆ ಒಂದು ಕೆಜಿ ಧಾನ್ಯ ಅಂತ ಹಿಡಿದು, ನಾಲ್ಕು ಲಕ್ಷ ಜನಕ್ಕೆ ಎಷ್ಟು ಲಾರಿ ಬೇಕು ಅಂತ ಲೆಕ್ಕ ಹಾಕಲಿ. ದಿನಕ್ಕೆ 400 ಟನ್, ಹತ್ತು ಟನ್ನಿನ 40 ಲಾರಿ. ಇವರಿಗಿದ್ದದ್ದು ಎತ್ತಿನ ಗಾಡಿ. ಅಲ್ಲಿ ಝಾವ್ ಸೇನೆ ಸೋತದ್ದೂ 46 ದಿನ ಊಟ ಬಾರದೆ.

ಕೊನೆಯ ಪೀರಿಯಡ್‌ಗೆ ಮೋಜಿ ಎಂಬ ದಾರ್ಶನಿಕನ ಆಟ ಇಡಿ. ಚೂ ರಾಜ್ಯ ಸೋಂಗ್ ಮೇಲೆ ಏರಿಹೋಗದಂತೆ ತಡೆಯಲು ಮೋಜಿ ಸೊಂಟಪಟ್ಟಿ ಬಿಚ್ಚಿ ಕೋಟೆ ಮಾಡಿ, ಚೂ ಕಡೆಯ ಯಂತ್ರ ಕುಶಲಿ ಗೊಂಗ್‌ಶು ಬಾನ್‌ನ ಒಂಬತ್ತು ದಾಳಿಗಳನ್ನು ಕಡ್ಡಿಗಳಲ್ಲೇ ತಡೆದ ಕಥೆ ಇದೆ. ನೆಲದ ಮೇಲೆ ಬೆಲ್ಟ್, ಎರಡು ತಂಡ. ದಾಳಿಗೆ ಏಣಿ, ಸುರಂಗ, ಮಣ್ಣಿನ ದಿಬ್ಬ, ನೀರು. ಪ್ರತಿಯೊಂದಕ್ಕೂ ಉತ್ತರ ಕೊಡಲು ಎರಡು ನಿಮಿಷ. ಸುರಂಗಕ್ಕೆ ಮೋಜಿಯ ಅನುಯಾಯಿಗಳ ಉತ್ತರ: ಗೋಡೆಯ ಒಳಗೆ ಬಾವಿ ತೋಡಿ, ಮಡಿಕೆಯ ಬಾಯಿಗೆ ತೆಳು ಚರ್ಮ ಬಿಗಿದು ಇಳಿಸಿ, ಸೂಕ್ಷ್ಮ ಕಿವಿಯವನನ್ನು ಕೂರಿಸುವುದು. ಚರ್ಮದ ಬದಲು ಬಲೂನು ಬಿಗಿದು ಮೈದಾನದಲ್ಲಿ ಮಡಿಕೆಯನ್ನು ಅರ್ಧ ಹೂತಿಡಿ. ಒಬ್ಬ ಹತ್ತು ಅಡಿ ದೂರದಲ್ಲಿ ಗುದ್ದಲಿಯಿಂದ ಅಗೆಯಲಿ. ಸಡಿಲ ಮರಳಲ್ಲಿ ಕೇಳಿಸುವುದಿಲ್ಲ, ಗಟ್ಟಿ ಮಣ್ಣಿನ ಜಾಗ ಆರಿಸಿ.