ಸ್ಪ್ರೇ ಮಾಡುವಾಗ ಎಂಜಿನ್ ಕೈಕೊಟ್ಟರೆ ಮೊದಲು ಏನು: ಹಾಪರ್ ಖಾಲಿಯೋ, ಮೇಲೇರುವುದೋ?

ಟೇಲ್‌ವೀಲ್:
ಟರ್ಬೈನ್ ಎಂಜಿನ್ನಿನ ಕೃಷಿ ವಿಮಾನ. ಹಾಪರ್‌ನಲ್ಲಿ, ಅಂದರೆ ಔಷಧಿ ತುಂಬುವ ತೊಟ್ಟಿಯಲ್ಲಿ, 1,900 ಲೀಟರ್ ದ್ರಾವಣ, ಬೆಳೆಯಿಂದ 3 ಮೀಟರ್ ಎತ್ತರ, ಗಂಟೆಗೆ 210 ಕಿ.ಮೀ. ವೇಗ. ಆಗ ಎಂಜಿನ್ ನಿಂತರೆ ಕೈ ಮೊದಲು ಎಲ್ಲಿಗೆ ಹೋಗಬೇಕು? ಎದುರಿಗೆ ಆಳೆತ್ತರದ ಜೋಳ, ಪಕ್ಕದಲ್ಲಿ ಉತ್ತ ಹೊಲ ಇದ್ದರೆ ಇಳಿಯುವುದು ಎಲ್ಲಿ?

ಗಾಳಿಮುಖ:
ಎರಡೂ ಒಟ್ಟಿಗೇ ಆಗಬೇಕು. ರೆಕ್ಕೆ ಸಮ ಇಟ್ಟು ಸ್ಟಿಕ್ ಎಳೆಯುತ್ತಲೇ ದ್ರಾವಣವನ್ನು ಒಮ್ಮೆಲೇ ಹೊರಚೆಲ್ಲುವ ಡಂಪ್ ಹಿಡಿಕೆ ಪೂರ್ತಿ ತೆರೆಯಿರಿ. 210ರಿಂದ 130 ಕಿ.ಮೀ.ಗೆ ವೇಗ ಇಳಿದರೆ ಬರಿಯ ಲೆಕ್ಕದಲ್ಲಿ 100 ಮೀಟರ್ ಎತ್ತರ ಸಿಗಬೇಕು. ಆದರೆ ಸ್ಪ್ರೇ ಬೂಮ್ (ರೆಕ್ಕೆಯಡಿಯ ಸಿಂಪಡಣೆ ಕೊಳವೆ) ಮತ್ತು ಪ್ರೊಪೆಲ್ಲರ್‌ನ ಎಳೆತ ಅದರಲ್ಲಿ ದೊಡ್ಡ ಪಾಲನ್ನು ತಿಂದುಹಾಕುತ್ತದೆ. ಹಾಗಾಗಿ ಪ್ರೊಪೆಲ್ಲರ್ ಫೆದರ್ ಮಾಡುವುದನ್ನು, ಅಂದರೆ ಅದರ ಅಲಗುಗಳನ್ನು ಗಾಳಿಗೆ ಅಂಚಾಗಿ ತಿರುಗಿಸುವುದನ್ನು, ಮರೆಯಬೇಡಿ.

ತೂಕ 4,200ರಿಂದ 2,300 ಕೆ.ಜಿ.ಗೆ ಇಳಿದರೆ ಸ್ಟಾಲ್ ವೇಗ (ಇದಕ್ಕಿಂತ ನಿಧಾನವಾದರೆ ರೆಕ್ಕೆ ವಿಮಾನವನ್ನು ಎತ್ತಿಹಿಡಿಯಲಾರದು) ಸುಮಾರು ಕಾಲು ಭಾಗ ತಗ್ಗುತ್ತದೆ. ನೆಲ ಮುಟ್ಟುವಾಗ ಬದುಕಿಸುವುದು ಇದೇ. ಆದರೆ ಎಚ್ಚರ: ದ್ರಾವಣ ಹೊರಬೀಳುವಾಗ ವಿಮಾನದ ಮೂಗು ತಾನಾಗಿಯೇ ಮೇಲೇಳುತ್ತದೆ. ಮೊದಲೇ ಎಳೆದಿರುವ ಸ್ಟಿಕ್ಕನ್ನು ಆ ಹೊತ್ತಿಗೆ ಮುಂದಕ್ಕೆ ಒತ್ತದಿದ್ದರೆ ಸ್ಟಾಲ್ ಖಚಿತ, ಚೇತರಿಸಿಕೊಳ್ಳಲು ಎತ್ತರವೂ ಇರುವುದಿಲ್ಲ.

ನೇಗಿಲಸಾಲು:
ಉತ್ತ ಹೊಲ ಒಣಗಿದ್ದು, ಸಾಲಿನ ಉದ್ದಕ್ಕೆ ಇಳಿಯಲು ಬರುವಂತಿದ್ದರೆ ಅದೇ ಮೇಲು. ಸಾಲಿಗೆ ಅಡ್ಡ ಇಳಿದರೆ ಚಕ್ರ ಹೂತು ವಿಮಾನ ಮಗುಚುತ್ತದೆ. ಅಲ್ಲಿಗೆ ತಲುಪಲು ಕಡಿದಾದ ತಿರುವು ಬೇಕಿದ್ದರೆ ಮಾತ್ರ ಜೋಳವೇ ಸರಿ. 45 ಡಿಗ್ರಿ ವಾಲಿದರೆ ಸ್ಟಾಲ್ ವೇಗ 19% ಏರುತ್ತದೆ. ಜೋಳದಲ್ಲಿ ತೆನೆಯ ಮಟ್ಟವನ್ನೇ ನೆಲವೆಂದು ತಿಳಿದು, ಫ್ಲಾಪ್ (ನಿಧಾನವಾಗಿ ಹಾರಲು ರೆಕ್ಕೆಯ ಹಿಂದೆ ಇಳಿಸುವ ಹಲಗೆ) ಪೂರ್ತಿ ಇಳಿಸಿ, ಮೂರೂ ಚಕ್ರ ಒಟ್ಟಿಗೆ ತಾಗುವ ಭಂಗಿಯಲ್ಲಿ, ಆದಷ್ಟು ನಿಧಾನವಾಗಿ ಕೂರಿಸಿ. ಹಾದಿಯಲ್ಲಿ ತಂತಿ ಇದ್ದರೆ ಅದನ್ನು ದಾಟುವಷ್ಟು ಎತ್ತರವಿದೆ ಎಂಬ ನಂಬಿಕೆಯಿಂದ ಮೂಗೆತ್ತಿ ಗ್ಲೈಡ್ ಎಳೆಯಬೇಡಿ.

ಫ್ಲಾಪ್ ವಿದ್ಯುತ್ತಿನದಾದರೆ ಅದನ್ನು ಇಳಿಸಿದ ಮೇಲಷ್ಟೇ ಬ್ಯಾಟರಿ ಆಫ್. ಇಂಧನ ಬಂದ್. ಬಾಗಿಲಿನ ಚಿಲಕ ನೆಲ ಮುಟ್ಟುವ ಮೊದಲೇ ತೆಗೆದಿರಲಿ, ಚೌಕಟ್ಟು ಸೊಟ್ಟಗಾದರೆ ಆಮೇಲೆ ತೆರೆಯುವುದಿಲ್ಲ. ಭುಜದ ಬೆಲ್ಟ್ ಬಿಗಿಯಾಗಿರಲಿ.

ಗಾಳಿಮುಖ:
ಒಂದು ಸೇರಿಸುತ್ತೇನೆ. ಇಂಥ ವಿಮಾನಗಳಲ್ಲಿ ಬಳಸುವ ಪಿಟಿ6 ಟರ್ಬೈನ್ ಎಂಜಿನ್ ಪೂರ್ತಿ ಆರದೆ ಐಡಲ್‌ಗೆ (ಅತಿ ಕಡಿಮೆ ಶಕ್ತಿಗೆ) ಇಳಿದು ಅಲ್ಲೇ ನಿಂತಿದ್ದರೆ ಇಂಧನದ ಪ್ರಮಾಣ ನಿಯಂತ್ರಿಸುವ ಫ್ಯುಯೆಲ್ ಕಂಟ್ರೋಲ್ ಯೂನಿಟ್‌ಗೆ ಹೋಗುವ ಪಿ3 (ಕಂಪ್ರೆಸರ್‌ನಿಂದ ಬರುವ ಒತ್ತಡದ) ಗಾಳಿಯ ಕೊಳವೆ ಸೋರುತ್ತಿರಬಹುದು. ಒತ್ತಡ ಸಿಗದ ಯೂನಿಟ್ ಇಂಧನವನ್ನು ಕನಿಷ್ಠಕ್ಕೆ ತರುತ್ತದೆ. ನಿಮ್ಮ ವಿಮಾನದಲ್ಲಿ ಮ್ಯಾನುವಲ್ ಓವರ್‌ರೈಡ್ (ಇಂಧನವನ್ನು ನೇರವಾಗಿ ಕೈಯಿಂದ ಹೆಚ್ಚಿಸುವ ಹಿಡಿಕೆ) ಇದ್ದರೆ ಅದನ್ನು ಮೆಲ್ಲಗೆ ಮುಂದೂಡಿ, ಒಮ್ಮೆಲೇ ದೂಡಿದರೆ ಟರ್ಬೈನ್ ಸುಟ್ಟೀತು. 3 ಮೀಟರ್‌ನಲ್ಲಿ ಇದಕ್ಕೆ ಸಮಯವಿಲ್ಲ, ಸಾಕಷ್ಟು ಎತ್ತರದಲ್ಲಿದ್ದರೆ ಉಂಟು.

ಟೇಲ್‌ವೀಲ್:
ಹಾಪರ್ ಒಡೆದು ಔಷಧಿ ಮೈಮೇಲೆ ಬಿದ್ದರೆ?

ನೇಗಿಲಸಾಲು:
ಗಾಳಿ ಬೀಸಿ ಬರುವ ದಿಕ್ಕಿಗೆ ನಡೆಯಿರಿ, ಬಟ್ಟೆ ಕಳಚಿ ಸೋಪು ನೀರಿನಲ್ಲಿ ತೊಳೆದುಕೊಳ್ಳಿ. ಯಾವ ಔಷಧಿ ತುಂಬಿತ್ತು ಎಂಬ ಲೇಬಲ್ ನೆಲದ ಸಿಬ್ಬಂದಿಯ ಬಳಿಯೂ ಇರಲಿ. ಆರ್ಗನೋಫಾಸ್ಫೇಟ್ (ನರಗಳಿಗೆ ವಿಷವಾಗುವ ಕೀಟನಾಶಕ) ಆಗಿದ್ದರೆ ವೈದ್ಯರಿಗೆ ಮೊದಲು ಹೇಳಬೇಕಾದದ್ದು ಅದನ್ನೇ.