ಬಿ.ಎಡ್. ಹುಡುಗರಿಗೆ ಗಣಿತ, ವಿಜ್ಞಾನ ಕಲಿಸೋದನ್ನು ಹೇಗೆ ತೋರಿಸಿಕೊಡಬೇಕು? ಅನುಭವ ಇದ್ದವರು ಹೇಳಿ

ತೀರ್ಥಹಳ್ಳಿ ಕಡೆಯ ಹೈಸ್ಕೂಲ್ ಶಿಕ್ಷಕಿ:
18 ವರ್ಷದಿಂದ ಗಣಿತ, ವಿಜ್ಞಾನ ಪಾಠ ಮಾಡುತ್ತಿದ್ದೇನೆ. ಈ ಸಲ ಬಿ.ಎಡ್. ಓದುತ್ತಿರುವ ಆರು ಜನ ಇಂಟರ್ನ್‌ಶಿಪ್‌ಗೆ ನಮ್ಮ ಶಾಲೆಗೆ ಬರುತ್ತಿದ್ದಾರೆ. ಅವರ ಜವಾಬ್ದಾರಿ ನನ್ನದು. ಎಲ್ಲರೂ ಬಿ.ಎಸ್ಸಿ.ಯಲ್ಲಿ ಒಳ್ಳೆಯ ಮಾರ್ಕ್ಸ್ ತೆಗೆದವರು. ಮಕ್ಕಳಿಗೆ ಕಲಿಸೋದು ನನಗೆ ಗೊತ್ತು, ಮೇಷ್ಟ್ರಾಗುವವರಿಗೆ ಕಲಿಸಿ ಗೊತ್ತಿಲ್ಲ. ಮೊದಲ ವಾರ ಏನು ಮಾಡಿಸಲಿ? ಅವರ ಪಾಠದಲ್ಲಿ ತಪ್ಪು ಬಂದರೆ ಮಧ್ಯೆ ಬಾಯಿ ಹಾಕಬೇಕಾ?

ಶಿವಮೊಗ್ಗ, ಬಿ.ಎಡ್. ಕಾಲೇಜಿನಲ್ಲಿ ಗಣಿತ ಮೆಥಡ್ ಕಲಿಸಿ ನಿವೃತ್ತ:
ಮೇಡಂ, ಮೊದಲ ವಾರ ಪಾಠ ಮಾಡಿಸಲೇಬೇಡಿ. ಮಕ್ಕಳ ನೋಟ್‌ಬುಕ್ ಓದಿಸಿ. ಬಿ.ಎಡ್. ಒಂದೇ ವರ್ಷ ಇದ್ದಾಗ ಇದಕ್ಕೆಲ್ಲ ಟೈಮೇ ಸಿಗುತ್ತಿರಲಿಲ್ಲ. 2015ರಲ್ಲಿ ಅದು ಎರಡು ವರ್ಷದ್ದಾಯಿತು. ಈಗ ಶಾಲೆಯಲ್ಲಿ ಕಳೆಯೋಕೆ 20 ವಾರ ಇದೆ. ಅದರಲ್ಲಿ ಒಂದು ವಾರ ಮಕ್ಕಳ ತಪ್ಪುಗಳಿಗೆ ಕೊಡಿ.

ಯಾವುದಾದರೂ ಪುಸ್ತಕದಲ್ಲಿ 1/2 + 1/3 = 2/5 ಅಂತ ಇದ್ದೇ ಇರುತ್ತೆ. ನಮ್ಮ ಹುಡುಗರು ತಕ್ಷಣ ಕೆಂಪು ಪೆನ್ನು ತೆಗೆಯುತ್ತಾರೆ. ಪೆನ್ನು ಕೆಳಗಿಡಿಸಿ. ಆ ಮಗು ಯಾಕೆ ಹಾಗೆ ಬರೆಯಿತು ಅಂತ ಮೂರು ಸಾಲು ಬರೆಯಲಿ. ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು ಕೂಡಿಸಿದೆ, ಅದಕ್ಕೂ ಒಂದು ಲೆಕ್ಕಾಚಾರ ಇದೆ ಅಲ್ವಾ? ಆಮೇಲೆ ಮಗುವನ್ನು ಕರೆದು ಏನು ಕೇಳಬೇಕು ಅಂತ ಅವರೇ ಯೋಚಿಸಲಿ. ಒಬ್ಬ ಹುಡುಗಿ ಕೇಳಿದ್ದು ನನಗೆ ಇನ್ನೂ ನೆನಪಿದೆ: 'ಅರ್ಧ ರೊಟ್ಟಿ ತಿಂದೆ, ಆಮೇಲೆ ಇನ್ನೂ ಸ್ವಲ್ಪ ತಿಂದೆ. ಒಟ್ಟು ತಿಂದಿದ್ದು ಅರ್ಧಕ್ಕಿಂತ ಕಡಿಮೆ ಆಗುತ್ತಾ?' ಮಗು ತಾನೇ ರಬ್ಬರ್ ತಗೊಂಡಿತು.

ಇನ್ನೊಂದು ವಿಷಯ. ಡಿಗ್ರಿ ಗಣಿತ ಚೆನ್ನಾಗಿ ಬರುತ್ತೆ ಅಂದಮಾತ್ರಕ್ಕೆ ಹೈಸ್ಕೂಲ್ ಗಣಿತ ಗಟ್ಟಿ ಇರುತ್ತೆ ಅಂದುಕೊಳ್ಳಬೇಡಿ. ನಾನು ಪ್ರತಿ ವರ್ಷ ಒಂದು ಪ್ರಶ್ನೆ ಕೇಳುತ್ತಿದ್ದೆ. ಒಂದು ಗುಂಟೆ ಅಂದರೆ 1089 ಚದರ ಅಡಿ. ಚೌಕವಾಗಿದ್ದರೆ ಒಂದು ಬದಿ ಸರಿಯಾಗಿ 33 ಅಡಿ. ಹಾಗಾದರೆ ಎರಡು ಗುಂಟೆಯ ಚೌಕದ ಬದಿ ಎಷ್ಟು? ಬಾಯಿಲೆಕ್ಕದಲ್ಲಿ ಹೇಳಬೇಕು. ಪ್ರತಿ ವರ್ಷ ಯಾರಾದರೂ 66 ಅಂತ ಹೇಳೇ ಹೇಳೋರು. ನಾನು ತಪ್ಪು ಅನ್ನುತ್ತಿರಲಿಲ್ಲ. ಎಲ್ಲರನ್ನೂ ಅಂಗಳಕ್ಕೆ ಕರೆದುಕೊಂಡು ಹೋಗಿ ಸಣ್ಣ ಅಳತೆಯಲ್ಲಿ ಬರೆಯಿರಿ ಅನ್ನುತ್ತಿದ್ದೆ. 66ರ ಚೌಕ ಬರೆದು ಒಳಗೆ ಗುಂಟೆಗಳನ್ನು ಎಣಿಸಿದರೆ ನಾಲ್ಕು! ಆಗ ಎಲ್ಲರೂ ಗಪ್‌ಚುಪ್.

ಒಂದು ಸಲ ಸುಮಾರು ಹತ್ತು ನಿಮಿಷ ಯಾರೂ ಮಾತಾಡಲಿಲ್ಲ. ಆಮೇಲೆ ಒಬ್ಬಳು ಬಗ್ಗಿ, ನಾಲ್ಕೂ ಗುಂಟೆಗೆ ಮೂಲೆಯಿಂದ ಮೂಲೆಗೆ ಒಂದೊಂದು ಗೆರೆ ಎಳೆದಳು. ನಡುವೆ ಓರೆಯಾಗಿ ಒಂದು ಚೌಕ ಬಂತು. ಅದರೊಳಗೆ ನಾಲ್ಕು ಅರ್ಧ ಗುಂಟೆ, ಅಂದರೆ ಎರಡು ಗುಂಟೆ. ಅದರ ಬದಿ ಒಂದು ಗುಂಟೆಯ ಕರ್ಣ, 33√2. ಹತ್ತಿರ ಹತ್ತಿರ 46 ಅಡಿ 8 ಇಂಚು. 'ಸರ್, √2 ಇಷ್ಟು ದಿನ ಬೋರ್ಡ್ ಮೇಲೆ ಮಾತ್ರ ಇತ್ತು' ಅಂದಳು. ಅವಳು ಈಗ ಒಳ್ಳೆಯ ಗಣಿತ ಟೀಚರ್.

ಬಾಯಿ ಹಾಕೋ ವಿಚಾರ: ಬೇಡ. ಮಕ್ಕಳ ಮುಂದೆ ತಿದ್ದಿದರೆ ಆ ಹುಡುಗ ಆಮೇಲೆ ಮಕ್ಕಳ ಮುಖ ನೋಡಲ್ಲ, ನಿಮ್ಮ ಮುಖ ನೋಡುತ್ತಾನೆ. ವಿಷಯವೇ ತಪ್ಪಾಗಿದ್ದರೆ ಪೀರಿಯಡ್ ಮುಗಿದ ಮೇಲೆ ಹೇಳಿ, ಮರುದಿನ ಅವನೇ 'ನಿನ್ನೆ ನಾನು ತಪ್ಪು ಹೇಳಿದ್ದೆ' ಅಂತ ಸರಿಮಾಡಲಿ. ಪ್ರಯೋಗ ಮಾಡುವಾಗ ಆಸಿಡ್, ಬೆಂಕಿ ಅಂತ ಅಪಾಯ ಕಂಡರೆ ಮಾತ್ರ ಕಾಯಬೇಡಿ.

ಹೊಸನಗರ, ವಿಜ್ಞಾನ ಶಿಕ್ಷಕ:
ಸರ್ ಹೇಳಿದ ಗುಂಟೆ ಲೆಕ್ಕ ನಾಳೆಯೇ ಮಾಡಿಸುತ್ತೇನೆ. ವಿಜ್ಞಾನದ ಕಡೆಯಿಂದ ಒಂದು ಮಾತು ಸೇರಿಸುತ್ತೇನೆ.

ಹತ್ತನೇ ಕ್ಲಾಸಿನ ಮೊದಲ ಪಾಠದಲ್ಲಿ ಕಾಪರ್ ಸಲ್ಫೇಟ್ ದ್ರಾವಣಕ್ಕೆ ಕಬ್ಬಿಣದ ಮೊಳೆ ಹಾಕುವ ಪ್ರಯೋಗ ಇದೆ. ಇಂಟರ್ನ್‌ಶಿಪ್‌ಗೆ ಬಂದ ಹುಡುಗರು ಸಮೀಕರಣ ಬರೆದು ಮುಗಿಸುತ್ತಾರೆ. ಒಂದು ವರ್ಷ ಹಾಗೇ ನಡೆಯುವಾಗ ಹಿಂದಿನ ಬೆಂಚಿನ ಹುಡುಗ, 'ಸರ್, ಇದು ಮೈಲುತುತ್ತ ಅಲ್ವಾ? ನಮ್ಮಪ್ಪ ಕತ್ತಿ ಅದ್ದಿ ನೋಡ್ತಾರೆ' ಅಂದ. ಪಾಠ ಮಾಡುತ್ತಿದ್ದವರು ಬಯಲುಸೀಮೆಯವರು. ಕಾಪರ್ ಸಲ್ಫೇಟನ್ನೇ ಇಲ್ಲಿ ಮೈಲುತುತ್ತ ಅನ್ನೋದು ಅಂತ ಅವರಿಗೆ ಗೊತ್ತಾಗಲಿಲ್ಲ, 'ಆಮೇಲೆ ಹೇಳು' ಅಂತ ಮುಂದೆ ಹೋದರು.

ಅಡಿಕೆ ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣಕ್ಕೆ 100 ಲೀಟರ್ ನೀರಿಗೆ 1 ಕೆ.ಜಿ. ಮೈಲುತುತ್ತ, 1 ಕೆ.ಜಿ. ಸುಣ್ಣ. ಸುಣ್ಣ ಸಾಕಾಯಿತಾ ಅಂತ ನೋಡೋಕೆ ಉಜ್ಜಿದ ಕತ್ತಿಯನ್ನು ಸ್ವಲ್ಪ ಹೊತ್ತು ಅದ್ದುತ್ತಾರೆ. ಕತ್ತಿಗೆ ಕೆಂಪಗೆ ತಾಮ್ರ ಹಿಡಿದರೆ ಇನ್ನೂ ಸುಣ್ಣ ಬೇಕು. ಮೊಳೆಯ ಪ್ರಯೋಗವೂ ಅದೇ ಅಲ್ವಾ! ಅವತ್ತು ಸಂಜೆ ಆ ಮೇಷ್ಟ್ರನ್ನು ಹುಡುಗನ ತೋಟಕ್ಕೆ ಕರೆದುಕೊಂಡು ಹೋದೆ. ಮೈಲುತುತ್ತವನ್ನು ಕಬ್ಬಿಣದ ಬಕೆಟ್ಟಿನಲ್ಲಿ ಯಾಕೆ ಕರಗಿಸಲ್ಲ ಅಂತ ಹುಡುಗನ ಅಪ್ಪನೇ ವಿವರಿಸಿದರು. ಮರುದಿನ ಮೇಷ್ಟ್ರು ಪಾಠವನ್ನು ಕತ್ತಿಯಿಂದಲೇ ಶುರು ಮಾಡಿದರು, ಆ ಹುಡುಗನನ್ನು ಮುಂದೆ ನಿಲ್ಲಿಸಿಕೊಂಡು.

ಹಾಗಾಗಿ ನಿಮ್ಮ ಆರು ಜನರನ್ನೂ ಮೊದಲು ಊರೊಳಗೆ ಓಡಾಡಿಸಿ ಮೇಡಂ. ಗದ್ದೆ, ತೋಟ, ಅಡಿಕೆ ಬೇಯಿಸುವ ಒಲೆ.

ಸಾಗರ, ಕಳೆದ ವರ್ಷ ಬಿ.ಎಡ್. ಮುಗಿಸಿದವಳು:
ನನ್ನನ್ನು ನೋಡಿಕೊಂಡ ಮೇಡಂ ಹಿಂದಿನ ಬೆಂಚಲ್ಲಿ ಕೂತು ಮಕ್ಕಳು ಆಡಿದ ಮಾತು ಮಾತ್ರ ಬರೆದುಕೊಳ್ಳುತ್ತಿದ್ದರು. ಮೊದಲ ದಿನ ಹಾಳೆ ಕೈಗೆ ಕೊಟ್ಟರು. 40 ನಿಮಿಷದಲ್ಲಿ ಒಂಬತ್ತು ಸಾಲು. ಅದರಲ್ಲಿ ಏಳು 'ಹೌದು ಮಿಸ್'. ಪ್ರಶ್ನೆ ಕೇಳಿ ನಾನೇ ಉತ್ತರ ಹೇಳಿಬಿಡುತ್ತಿದ್ದೆ ಅಂತ ಆಗ ಗೊತ್ತಾಯಿತು. ಪ್ರಶ್ನೆ ಕೇಳಿದ ಮೇಲೆ ಮನಸ್ಸಲ್ಲಿ ಐದು ಎಣಿಸೋಕೆ ಹೇಳಿದರು. ಮೊದಮೊದಲು ಆ ಮೌನ ತಡೆಯೋಕೆ ತುಂಬಾ ಕಷ್ಟ. ತಿಂಗಳು ಕಳೆಯೋದರೊಳಗೆ ಹಾಳೆ ಎರಡೂ ಬದಿ ತುಂಬುತ್ತಿತ್ತು. ಆ ಹಾಳೆಗಳನ್ನು ಇನ್ನೂ ಇಟ್ಟುಕೊಂಡಿದ್ದೇನೆ.

ತೀರ್ಥಹಳ್ಳಿ ಕಡೆಯ ಶಿಕ್ಷಕಿ:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ನೋಟ್‌ಬುಕ್ ಕಟ್ಟು ಇವತ್ತೇ ತೆಗೆದಿಟ್ಟೆ. ಸರ್, ಗುಂಟೆ ಚಿತ್ರಕ್ಕೆ ಅಳತೆ ಎಷ್ಟು ಇಟ್ಟುಕೊಳ್ಳುತ್ತಿದ್ದಿರಿ?

ಶಿವಮೊಗ್ಗ:
ಒಂದು ಅಡಿಗೆ ಒಂದು ಸೆಂಟಿಮೀಟರ್. ಸೀಮೆಸುಣ್ಣಕ್ಕಿಂತ ರಂಗೋಲಿ ಪುಡಿ ಚೆನ್ನಾಗಿ ಕಾಣುತ್ತೆ. ಮಳೆ ಹಿಡಿದಿದ್ದರೆ ವರಾಂಡದಲ್ಲಿ ಬರೆಸಿ.